ಡಿಗ್ರಿ ಮುಗಿದ ಮೇಲೆ ಒಂದು ಹಂಗಾಮು ನರ್ಸರಿಯಲ್ಲಿ

ಬಿಎಸ್ಸಿ ತೋಟಗಾರಿಕೆ ಮುಗಿಸಿದವರು ಹೆಚ್ಚಾಗಿ ಕೇಳುವ ಪ್ರಶ್ನೆ: "ಪರೀಕ್ಷೆಗೆ ಓದ್ತಾ ಕೂರೋದಾ, ಯಾವುದಾದರೂ ನರ್ಸರಿ ಸೇರೋದಾ?" ಓದು ಬಿಡಿ ಅಂತ ನಾನು ಹೇಳಲ್ಲ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಮಾವಿನ ಕಸಿ ಕಟ್ಟುವ ಹಂಗಾಮಿನಲ್ಲಿ, ಒಂದು ನರ್ಸರಿಯಲ್ಲಿ ಅಪ್ರೆಂಟಿಸ್ ಆಗಿ ನಿಲ್ಲಿ ಅನ್ನೋದು ನನ್ನ ಸಲಹೆ.

ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿದ್ದು ಕಲಿಯುವ ಕಾರ್ಯಾನುಭವ ಇರುತ್ತದಲ್ಲ ಅನ್ನಬಹುದು. ಅದು ಒಳ್ಳೆಯದೇ. ಆದರೆ ಅಲ್ಲಿ ನಾವು ಅತಿಥಿಗಳು. ನರ್ಸರಿಯಲ್ಲಿ ನೀವು ಕಟ್ಟಿದ ಕಸಿ ಒಣಗಿದರೆ ಮಾಲೀಕರ ದುಡ್ಡು ಹೋಗುತ್ತದೆ. ಕೈ ಕಲಿಯೋದು ಆ ಭಯದಲ್ಲೇ.

ಮೃದುಕಾಂಡ ಕಸಿಯನ್ನೇ ನೋಡಿ. ಪುಸ್ತಕದಲ್ಲಿ ಐದು ಸಾಲು. ತಾಯಿಮರದಲ್ಲಿ 3-4 ತಿಂಗಳ ಕಡ್ಡಿ ಆರಿಸಿ, ಕತ್ತರಿಸುವ 8-10 ದಿನ ಮೊದಲು ತೊಟ್ಟು ಉಳಿಸಿ ಎಲೆ ಸವರಬೇಕು, ತುದಿಮೊಗ್ಗು ಉಬ್ಬುತ್ತದೆ. ಬೇರುಸಸಿಯ ಎಳೆ ಕಾಂಡವನ್ನು ಕತ್ತರಿಸಿ 4-5 ಸೆಂ.ಮೀ. ಸೀಳಿ, ಬೆಣೆಯಂತೆ ಕೆತ್ತಿದ ಕಡ್ಡಿಯನ್ನು ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಟೋಪಿ. ಎರಡು ಮೂರು ವಾರಕ್ಕೆ ಚಿಗುರು. ಇಷ್ಟೇ.

ಕೈಗೆ ಮಾತ್ರ ಇಷ್ಟೇ ಅಲ್ಲ. ಬೆಣೆಯ ಎರಡೂ ಮುಖ ಒಂದೊಂದೇ ಎಳೆತಕ್ಕೆ ನುಣ್ಣಗೆ ಬರಬೇಕು. ತಿದ್ದುತ್ತಾ ಕೂತರೆ ಮುಖ ಉಬ್ಬುತಗ್ಗಾಗುತ್ತದೆ, ಒಣಗುತ್ತದೆ ಕೂಡ. ಕಡ್ಡಿ ಸಣ್ಣದಿದ್ದರೆ ಮಧ್ಯಕ್ಕೆ ಕೂರಿಸಬೇಡಿ, ಒಂದು ಪಕ್ಕದ ಸಿಪ್ಪೆಗೆ ಸಿಪ್ಪೆ ತಾಗಿಸಿ. ಪಟ್ಟಿ ಎಷ್ಟು ಬಿಗಿ ಅನ್ನೋದನ್ನ ಯಾವ ಮೇಷ್ಟ್ರೂ ಬೋರ್ಡ್ ಮೇಲೆ ಬರೆಯಲಾರರು. ನಲವತ್ತು ವರ್ಷ ಕಟ್ಟಿದ ಅಜ್ಜ ನಿಮ್ಮ ಬೆರಳು ಹಿಡಿದು ತೋರಿಸಬೇಕು.

ಒಂದು ನೋಟ್‌ಬುಕ್ ಇಡಿ. ದಿನಾಂಕ, ಯಾವ ಮರದ ಕಡ್ಡಿ, ಎಷ್ಟು ಕಟ್ಟಿದೆ, 30ನೇ ದಿನಕ್ಕೆ ಎಷ್ಟು ಉಳಿದವು. ನಾಳೆ ಕೆಲಸ ಕೇಳೋವಾಗ ಸರ್ಟಿಫಿಕೇಟಿಗಿಂತ ಆ ಪುಟಗಳೇ ಮಾತಾಡುತ್ತವೆ.

ಈಗ ಕಹಿ ಮಾತು. ಅಪ್ರೆಂಟಿಸ್ ಅಂತ ಕರೆದು ಮೂರು ತಿಂಗಳೂ ಚೀಲಕ್ಕೆ ಮಣ್ಣು ತುಂಬಿಸುವವರಿದ್ದಾರೆ. ಮಣ್ಣು ತುಂಬೋದೂ ಕಲಿಯಬೇಕಾದ ಕೆಲಸವೇ, ಹದಿನೈದು ದಿನ ತುಂಬಿ. ತಿಂಗಳಾದರೂ ಚಾಕು ಕೈಗೆ ಬರದಿದ್ದರೆ ಕೇಳಿ. ಆಮೇಲೂ ಬರದಿದ್ದರೆ ಬೇರೆ ಕಡೆ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಲಿಖಿತ ಒಪ್ಪಂದ, ಸ್ಟೈಪೆಂಡ್ ಎರಡೂ ಕಡ್ಡಾಯ. 2014ರ ತಿದ್ದುಪಡಿ ಆದಮೇಲೆ ಎಂಜಿನಿಯರಿಂಗ್ ಅಲ್ಲದ ಪದವೀಧರರಿಗೂ ಅವಕಾಶವಿದೆ. ನರ್ಸರಿ ಅದರಡಿ ನೋಂದಣಿ ಆಗಿಲ್ಲದಿದ್ದರೆ ಒಂದು ಹಾಳೆಯಲ್ಲಾದರೂ ಬರೆಸಿಕೊಳ್ಳಿ: ಯಾರು ಕಲಿಸ್ತಾರೆ, ಯಾವಾಗಿಂದ ಕಸಿ, ತಿಂಗಳಿಗೆ ಎಷ್ಟು, ಊಟ ವಸತಿ ಯಾರದು. ಕೇಳೋಕೆ ಸಂಕೋಚ ಬೇಡ.

ಡಿಗ್ರಿ ಇಲ್ಲದ ತಮ್ಮ ತಂಗಿಯರಿದ್ದರೆ, ಎಸ್ಸೆಸ್ಸೆಲ್ಸಿ ಪಾಸಾದ ರೈತರ ಮಕ್ಕಳಿಗೆ ತೋಟಗಾರಿಕೆ ಇಲಾಖೆಯ 10 ತಿಂಗಳ ತರಬೇತಿ ಇದೆ. ಪ್ರಕಟಣೆ ಬಂದಿದೆಯಾ ಅಂತ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

ನರ್ಸರಿಯವರ ಜತೆ ಮಾತು ಏಪ್ರಿಲ್‌ನಲ್ಲೇ ಮುಗಿಸಿ, ಮಳೆ ಬಿದ್ದ ಮೇಲೆ ಯಾರಿಗೂ ಪುರುಸೊತ್ತಿರಲ್ಲ. ಹೋಗುವಾಗ ಸ್ವಂತ ಕಸಿಚಾಕು, ಸಾಣೆಕಲ್ಲು ಒಯ್ಯಿರಿ. ಇನ್ನೊಬ್ಬರ ಚಾಕು ಕೇಳಿದರೆ ಹಳಬರು ಕೊಡಲ್ಲ.