ಹಿರಿಯರ ಒಂಟಿತನ, ಎದೆಯ ಉರಿ

1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದ ಮೇಲೆ ಕೊರಿಯಾದ ಅನೇಕರು ಅಲ್ಲಿ ನೆಲೆಸಿ, ಮುಂದೆ ತಂದೆ-ತಾಯಿಯರನ್ನೂ ಕರೆಸಿಕೊಂಡರು. ಮಕ್ಕಳು ದುಡಿಯಲು ಹೋದರೆ, ಇಂಗ್ಲಿಷ್ ಬಾರದ ಹಿರಿಯರು ಮನೆಯಲ್ಲಿ ಒಬ್ಬರೇ. ಮನಸ್ಸಿಗೆ ಬೇಸರವೆಂದು ಅವರಲ್ಲಿ ಹಲವರು ಬಾಯಿಬಿಟ್ಟು ಹೇಳುವುದಿಲ್ಲ. ಎದೆ ಬಿಗಿತ, ಮೈ ಉರಿ, ಹೊಟ್ಟೆಯ ಮೇಲ್ಭಾಗದಲ್ಲಿ ಗಂಟು ಕೂತಂತಾಗಿದೆ ಎನ್ನುತ್ತಾರೆ. ನುಂಗಿಕೊಂಡ ಸಿಟ್ಟು, ದುಃಖದಿಂದ ಬರುವ ಈ ಬೇನೆಗೆ ಕೊರಿಯನ್ ಭಾಷೆಯಲ್ಲಿ ‘ಹ್ವಾಬ್ಯುಂಗ್’, ಅಂದರೆ ಬೆಂಕಿಯ ರೋಗ, ಎಂದೇ ಹೆಸರು. ಇವರಿಗೆ ದೊಡ್ಡ ಆಸರೆ ಕೊರಿಯನ್ ಚರ್ಚು. ಭಾನುವಾರ ಪ್ರಾರ್ಥನೆ ಮುಗಿಸಿ ಒಟ್ಟಿಗೆ ಉಣ್ಣುತ್ತಾರೆ, ತಮ್ಮ ನುಡಿಯಲ್ಲೇ ಹರಟುತ್ತಾರೆ. (ದಾಸೋಹದ ಪಂಕ್ತಿಯಲ್ಲಿ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ನಿಮ್ಮ ಹಿರಿಯರು ಎದೆ ಉರಿ ಎಂದರೆ ಮೊದಲು ಹೃದಯದ ತಪಾಸಣೆ ಮಾಡಿಸಿರಿ. ಜೊತೆಗೆ, ದಿನವಿಡೀ ಅವರ ಸಂಗಡ ಮಾತಾಡುವವರು ಯಾರಿದ್ದಾರೆ ಎಂಬುದನ್ನೂ ವೈದ್ಯರಿಗೆ ತಿಳಿಸಿರಿ.