ಮದ್ಯಸಾರವೂ ಮನೆಯವರೂ

ಕೊಳ್ಳೇಗಾಲದಿಂದ ಹನೂರಿನ ಮೂಲಕ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಕೌದಳ್ಳಿ ಇದೆ. ಅಲ್ಲಿಯ ಒಂದು ಮನೆಯನ್ನು ಭಾವಿಸಿಕೊಳ್ಳೋಣ. ರಾತ್ರಿ ತಂದೆ ಕುಡಿದು ಬಂದಿದ್ದಾನೆ. ತಾಯಿ ಮಜ್ಜಿಗೆ ಕುಡಿಸುತ್ತಾಳೆ. ಮಗ ತಲೆಯ ಮೇಲೆ ತಣ್ಣೀರು ಸುರಿಯುತ್ತಾನೆ. ಇದರಿಂದ ಅಮಲು ಬೇಗ ಇಳಿಯುವುದೇ?

ಇಳಿಯದು. ಬಿಸಿನೀರು ಮೊದಲು ವೇಗವಾಗಿಯೂ ಅನಂತರ ನಿಧಾನವಾಗಿಯೂ ಆರುವುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ನೋಡಿರುತ್ತಾರೆ. ಮದ್ಯಸಾರದ ರೀತಿ ಬೇರೆ. ಯಕೃತ್ತಿನಲ್ಲಿ ಅದನ್ನು ಒಡೆಯುವ ಕಿಣ್ವಕ್ಕೆ ಅಲ್ಪ ಪ್ರಮಾಣದಲ್ಲೇ ಕೈತುಂಬ ಕೆಲಸ. ಆದುದರಿಂದ ರಕ್ತದಲ್ಲಿ ಎಷ್ಟೇ ಇರಲಿ, ಅದು ಇಳಿಯುವ ವೇಗ ಹೆಚ್ಚುಕಡಮೆ ಒಂದೇ: 100 ಮಿಲಿಲೀಟರು ರಕ್ತದಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂ. ನಕ್ಷೆ ಬರೆದರೆ ಬಹುಮಟ್ಟಿಗೆ ಸರಳರೇಖೆ. (ಭೌತಶಾಸ್ತ್ರ ಕಲಿಸುವ ನಮ್ಮನ್ನು ಈ ವಿಷಯಕ್ಕೆ ಎಳೆದುದೂ ಈ ರೇಖೆಯೇ.) 150 ಮಿಲಿಗ್ರಾಂ ಇದ್ದರೆ ಸುಮಾರು ಹತ್ತು ಗಂಟೆ ಬೇಕು, ಬಹುಕಾಲ ಕುಡಿದವರಲ್ಲಿ ತುಸು ಕಡಮೆ. ಮಜ್ಜಿಗೆಗೆ ಈ ರೇಖೆಯನ್ನು ಬಗ್ಗಿಸುವ ಶಕ್ತಿಯಿಲ್ಲ. ಅರೆಪ್ರಜ್ಞೆಯಲ್ಲಿರುವವನಿಗೆ ಏನನ್ನೂ ಕುಡಿಸಬಾರದು. ವಾಂತಿ ಉಸಿರುನಾಳಕ್ಕೆ ಸೇರದಂತೆ ಮಗ್ಗುಲಾಗಿ ಮಲಗಿಸಿ ಕಾದಿರಬೇಕು. ಎಬ್ಬಿಸಿದರೂ ಏಳದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಬುದ್ಧಿವಾದವನ್ನು ಬೆಳಗಿಗೆ ಇಟ್ಟುಕೊಳ್ಳುವುದು ಲೇಸು.

ಬೆಳಗಾದ ಮೇಲೆ ಮಾದಪ್ಪನ ಮೇಲೆ ಆಣೆ ಮಾಡಿಸುತ್ತಾರೆ ಎನ್ನೋಣ. ಆಣೆ ಪ್ರಾಮಾಣಿಕವೇ ಇರಬಹುದು, ಅಪಾಯವಿರುವುದೂ ಅಲ್ಲಿಯೇ. ವರ್ಷಗಟ್ಟಲೆ ದಿನವೂ ಕುಡಿದವನ ಮಿದುಳು, ಮದ್ಯಸಾರ ತರುವ ಮಂಕಿಗೆ ಎದುರಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಒಳಗಿನಿಂದ ಒಬ್ಬ, ಹೊರಗಿನಿಂದ ಒಬ್ಬ ಬಾಗಿಲನ್ನು ಒತ್ತುತ್ತಿರುವಾಗ ಒಬ್ಬನು ಥಟ್ಟನೆ ಸರಿದರೆ ಇನ್ನೊಬ್ಬನು ಮುಗ್ಗರಿಸುವನಷ್ಟೆ. ಕುಡಿತವನ್ನು ಹಠಾತ್ತಾಗಿ ಬಿಟ್ಟಾಗ ಕೈನಡುಕ, ಬೆವರು, ನಿದ್ರಾಹೀನತೆ ಬರುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸು, ಎರಡರಿಂದ ನಾಲ್ಕನೆಯ ದಿನದೊಳಗೆ ಇಲ್ಲದುದನ್ನು ಕಾಣುವ ಸನ್ನಿ. ಚಿಕಿತ್ಸೆಯಿಲ್ಲದ ಸನ್ನಿ ಪ್ರಾಣವನ್ನೇ ತೆಗೆಯಬಲ್ಲದು. ಇದನ್ನು ನಟನೆಯೆಂದಾಗಲಿ ಗಾಳಿಯ ಚೇಷ್ಟೆಯೆಂದಾಗಲಿ ಬಗೆದು ಕೋಣೆಯಲ್ಲಿ ಕೂಡಿಹಾಕಬಾರದು. ಕುಡಿತವನ್ನು ವೈದ್ಯರ ಕಣ್ಣೆದುರಿನಲ್ಲಿ ಬಿಡಿಸಬೇಕು.

ಡೈಸಲ್ಫಿರಾಂ ಎಂಬ ಗುಳಿಗೆಯ ಗುಣವನ್ನು 1948ರಲ್ಲಿ ಕೋಪನ್‌ಹೇಗನ್ನಿನ ಹಾಲ್ಡ್ ಮತ್ತು ಯಾಕೋಬ್ಸೆನ್ ಪ್ರಕಟಿಸಿದರು. ಅದನ್ನು ನುಂಗಿದವನು ಕುಡಿದರೆ ವಾಂತಿ, ಎದೆಬಡಿತ, ರಕ್ತದ ಒತ್ತಡದ ಕುಸಿತ. ಇದನ್ನು ಸಾರಿನಲ್ಲಿ ಗುಟ್ಟಾಗಿ ಬೆರೆಸುವ ಮನೆಯವರುಂಟು. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ತಿಳಿಯದೆ ಕುಡಿದವನು ಸಾಯಲೂಬಹುದು.

ಹಾಗಾದರೆ ಮನೆಯವರು ಮಾಡಬಹುದಾದುದೇನು? 1999ರಲ್ಲಿ ಮಿಲ್ಲರ್, ಮೇಯರ್ಸ್ ಮತ್ತು ಟೊನಿಗನ್ ಎಂಬ ಅಮೆರಿಕದ ಸಂಶೋಧಕರು ಚಿಕಿತ್ಸೆಗೆ ಒಲ್ಲದ ಕುಡುಕರ 130 ಮಂದಿ ಆಪ್ತರನ್ನು ಮೂರು ಗುಂಪು ಮಾಡಿ ಮೂರು ವಿಧಾನಗಳನ್ನು ಪರೀಕ್ಷಿಸಿದರು. ಬಂಧುಗಳೆಲ್ಲ ಸೇರಿ ಎದುರು ನಿಲ್ಲಿಸಿ ಕೇಳುವ ವಿಧಾನದಲ್ಲಿ ಶೇಕಡ 30 ಕುಡುಕರು ಚಿಕಿತ್ಸೆಗೆ ಬಂದರು. ಕುಡಿಯದಿದ್ದ ಹೊತ್ತಿನಲ್ಲಿ ಜೊತೆಗೆ ಕುಳಿತು ಉಂಡು ಮಾತನಾಡುವುದು, ಕುಡಿದಾಗ ಸದ್ದಿಲ್ಲದೆ ದೂರ ಸರಿಯುವುದು, ಕುಡಿತದ ಫಲವನ್ನು ಮುಚ್ಚಿಹಾಕದಿರುವುದು, ಅವನೇ ನೊಂದುಕೊಂಡ ಗಳಿಗೆ ನೋಡಿ ಚಿಕಿತ್ಸೆಯ ಮಾತೆತ್ತುವುದು, ಇವನ್ನು ಕಲಿತ ಬಂಧುಗಳ ಗುಂಪಿನಲ್ಲಿ ಶೇಕಡ 64. ಹೊಡೆತಬಡಿತವಿದ್ದ ಮನೆಯಲ್ಲಿ ಮೊದಲು ತಾಯಿಮಕ್ಕಳ ರಕ್ಷಣೆ, ಉಳಿದುದು ಆಮೇಲೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಸರಕಾರದ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446. ಕುಡಿಯುವವನೇ ಕರೆ ಮಾಡಬೇಕೆಂದಿಲ್ಲ, ಮಗನೂ ಮಾಡಬಹುದು.