ಹಳೆಯ ಯೆಜ್ಡಿಗೆ ಯಾವ ಆಯಿಲ್?

ಪ್ರೀತಿಯ ತಮ್ಮಾ,

ನಿಮ್ಮ ತಾತನ ಯೆಜ್ಡಿ ರೋಡ್‌ಕಿಂಗ್ ಮತ್ತೆ ರಸ್ತೆಗಿಳಿಯುತ್ತಿದೆ ಎಂದು ತಿಳಿದು ತುಂಬಾ ಸಂತೋಷವಾಯಿತು. ‘ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಎಂಜಿನ್ ಆಯಿಲ್ ಯಾವುದು? ದುಡ್ಡು ಎಷ್ಟಾದರೂ ಪರವಾಗಿಲ್ಲ’ ಎಂದು ಕೇಳಿದ್ದೀಯ. ಹಳೆಯ ಗಾಡಿ ಕೈಗೆ ಬಂದ ಹುಡುಗರೆಲ್ಲ ಕೇಳುವುದು ಇದನ್ನೇ. ಹಾಗಾಗಿ ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ದುಬಾರಿಯಾದದ್ದೇ ಒಳ್ಳೆಯದು ಎಂಬ ಲೆಕ್ಕವನ್ನು ಮೊದಲು ಬಿಡು. ಗಾಡಿಯೊಳಗೆ ಆಯಿಲ್ ಎಲ್ಲೆಲ್ಲಿಗೆ ಹೋಗುತ್ತದೆ, ಅಲ್ಲಿ ಅದಕ್ಕೇನು ಕೆಲಸ ಎಂಬುದನ್ನು ತಿಳಿದುಕೊ. ಆಮೇಲೆ ಡಬ್ಬಿ ಆರಿಸುವುದು ಕಷ್ಟವಲ್ಲ.

ಅಂಗಡಿಗೆ ಹೋಗಿ ಬರೀ ‘ಯೆಜ್ಡಿಗೆ ಆಯಿಲ್ ಕೊಡಿ’ ಎನ್ನಬೇಡ. ಅದೇ ಹೆಸರಿನ ಹೊಸ ಬೈಕು 2022ರಲ್ಲಿ ಬಂದಿದೆ. ಅದು ಫೋರ್ ಸ್ಟ್ರೋಕ್, ನೀರಿನಿಂದ ತಂಪಾಗುವ ಎಂಜಿನ್. ಅಂಗಡಿಯ ಹುಡುಗನಿಗೆ ಗೊತ್ತಿರುವುದು ಆ ಗಾಡಿಯೇ. ನಿನ್ನದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. 1961ರಿಂದ ಗಾಡಿ ಮಾಡುತ್ತಿದ್ದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ನಿನ್ನದು ಟೂ ಸ್ಟ್ರೋಕ್, ಗಾಳಿಯಿಂದ ತಂಪಾಗುವ ಎಂಜಿನ್. ಹೆಸರು ಒಂದೇ ಆದರೂ ಎರಡರ ಹೊಟ್ಟೆಯೂ ಬೇರೆ, ಹಾಕುವ ಆಯಿಲೂ ಬೇರೆ.

ನಿನ್ನ ಗಾಡಿಗೆ ಎರಡು ಆಯಿಲ್ ಬೇಕು. ಒಂದು ಪೆಟ್ರೋಲಿನ ಜೊತೆ ಬೆರೆತು, ಪಿಸ್ಟನ್ನಿಗೂ ಬೇರಿಂಗಿಗೂ ಜಿಡ್ಡು ಸವರಿ, ಕೊನೆಗೆ ಉರಿದು ಸೈಲೆನ್ಸರಿನಲ್ಲಿ ಹೊರಗೆ ಹೋಗುವ 2ಟಿ ಆಯಿಲ್. ಇನ್ನೊಂದು ಗೇರ್‌ಬಾಕ್ಸಿನಲ್ಲೇ ಉಳಿದು ಗೇರು, ಕ್ಲಚ್ಚು, ಪ್ರೈಮರಿ ಚೈನು ಮೂರನ್ನೂ ನೋಡಿಕೊಳ್ಳುವ ಆಯಿಲ್. ಇದರ ಜಾಗಕ್ಕೆ ಅದು, ಅದರ ಜಾಗಕ್ಕೆ ಇದು ನಡೆಯುವುದಿಲ್ಲ. ಫೋರ್ ಸ್ಟ್ರೋಕ್ ಎಂಜಿನ್ ಆಯಿಲನ್ನು ಪೆಟ್ರೋಲಿಗೆ ಸುರಿದರೆ ಅದು ಪೂರ್ತಿ ಉರಿಯದೆ ಪ್ಲಗ್ಗಿಗೆ, ಪಿಸ್ಟನ್ ತಲೆಗೆ, ಸೈಲೆನ್ಸರಿಗೆ ಮಸಿ ಕಟ್ಟುತ್ತದೆ.

2ಟಿ ಕೊಳ್ಳುವಾಗ ಡಬ್ಬಿಯ ಮುಂಭಾಗದ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದು. ಜಾಸೋ ಎಫ್‌ಸಿ ಅಥವಾ ಎಫ್‌ಡಿ ಎಂದಿರಬೇಕು. ಜಾಸೋ ಎಂದರೆ ಜಪಾನಿನವರು ಮಾಡಿಟ್ಟ ಗುಣಮಟ್ಟದ ಅಳತೆ. ಎಫ್‌ಬಿಗಿಂತ ಎಫ್‌ಸಿ ಕಡಿಮೆ ಹೊಗೆ ಬಿಡುತ್ತದೆ, ಎಫ್‌ಡಿ ಇನ್ನೂ ಚೊಕ್ಕಟವಾಗಿ ಉರಿಯುತ್ತದೆ. ಕರಾವಳಿಯ ಕಡೆ ದೋಣಿ ಎಂಜಿನ್‌ಗಳಿಗೆಂದು ಮಾರುವ ಟಿಸಿ-ಡಬ್ಲ್ಯು3 ಆಯಿಲ್ ಬೇಡ. ನೀರಿನಿಂದ ತಂಪಾಗುವ ಎಂಜಿನ್ನಿಗೆ ಅದು ಸರಿ, ಬಿಸಿಲಲ್ಲಿ ಕಾಯುವ ನಿನ್ನ ಸಿಲಿಂಡರಿಗೆ ಸಾಲದು.

ಎಷ್ಟು ಬೆರೆಸಬೇಕು? ಗಾಡಿಯ ಪುಸ್ತಕದಲ್ಲಿ ಇರುವಷ್ಟು. 1:25 ಎಂದಿದ್ದರೆ ಲೀಟರಿಗೆ 40 ಮಿ.ಲೀ., 1:20 ಎಂದಿದ್ದರೆ 50 ಮಿ.ಲೀ. ಅಂದಾಜಿಗೆ ಸುರಿಯಬೇಡ, ಗೆರೆ ಹಾಕಿದ ಅಳತೆ ಲೋಟ ಇಟ್ಟುಕೊ. ಮೊದಲೆಲ್ಲ ಬಂಕಿನವರೇ 2ಟಿ ಹಾಕಿಕೊಡುತ್ತಿದ್ದರು, ಈಗ ಬಾಟಲಿ ನೀನೇ ಒಯ್ಯಬೇಕು. ಟ್ಯಾಂಕಿಗೆ ಮೊದಲು ಆಯಿಲ್ ಬಿಟ್ಟು ಮೇಲಿಂದ ಪೆಟ್ರೋಲ್ ಹಾಕಿಸು. ಆ ರಭಸಕ್ಕೆ ಅರ್ಧ ಬೆರೆಯುತ್ತದೆ, ಉಳಿದದ್ದಕ್ಕೆ ಗಾಡಿಯನ್ನು ಸ್ವಲ್ಪ ಅಲ್ಲಾಡಿಸು. ಹೊಗೆ ಜಾಸ್ತಿ ಎಂದು ಆಯಿಲ್ ಕಡಿಮೆ ಮಾಡು ಎನ್ನುವವರು ಸಿಕ್ಕೇ ಸಿಗುತ್ತಾರೆ. ಅವರ ಮಾತು ಕೇಳಬೇಡ. ಪಿಸ್ಟನ್ ಜಾಮ್ ಆಗಿ ಸಿಲಿಂಡರಿಗೆ ಗೀರು ಬಿದ್ದರೆ ಬೋರ್ ಮಾಡಿಸಬೇಕು, ಈ ಗಾಡಿಗೆ ಒಳ್ಳೆಯ ಪಿಸ್ಟನ್ ಹುಡುಕುವುದು ಸುಲಭದ ಮಾತಲ್ಲ. ಹೊಗೆ ಕಡಿಮೆಯಾಗಬೇಕೆಂದರೆ ಒಳ್ಳೆಯ ಆಯಿಲ್ ಹಾಕು, ಅಳತೆ ಮುಟ್ಟಬೇಡ.

ಇನ್ನೊಂದು ಮಾತು, ಇದನ್ನು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ನಿನ್ನ ಎಂಜಿನ್ನಿಗೆ ಆಯಿಲ್ ಪಂಪ್ ಇಲ್ಲ. ಪೆಟ್ರೋಲ್ ಬಂದರೆ ಮಾತ್ರ ಆಯಿಲ್ ಬರುತ್ತದೆ. ಚಾಮುಂಡಿ ಬೆಟ್ಟ ಇಳಿಯುವಾಗ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟೆ ಎಂದುಕೊ. ಎಂಜಿನ್ ಜೋರಾಗಿ ತಿರುಗುತ್ತಲೇ ಇರುತ್ತದೆ, ಆಯಿಲ್ ಮಾತ್ರ ಹನಿ ಹನಿ. ಆದ್ದರಿಂದ ಇಳಿಜಾರಿನಲ್ಲಿ ಆಗಾಗ ಒಂದಿಷ್ಟು ಆಕ್ಸಿಲರೇಟರ್ ಕೊಡುತ್ತಾ ಬಾ. ಚಾರ್ಮಾಡಿ, ಆಗುಂಬೆಯಂಥ ಘಾಟಿಯಲ್ಲಂತೂ ಇದನ್ನು ಮರೆಯಲೇಬಾರದು. ಹಾಗೆಯೇ ಬೆರೆಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡ. ಈಗಿನ ಇ20 ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಳೆಯ ತಗಡಿನ ಟ್ಯಾಂಕಿಗೆ ತುಕ್ಕು ಹಿಡಿಯಲು ಇನ್ನೇನು ಬೇಕು?

ಇನ್ನು ಗೇರ್‌ಬಾಕ್ಸ್. ಯಾರೋ ಕಾರಿಗೆ ಹಾಕುವ ಫುಲ್ ಸಿಂಥೆಟಿಕ್ 5ಡಬ್ಲ್ಯು-30 ಹಾಕು ಎಂದರಂತೆ. ಹಾಕಬೇಡ. ಆ ಅಂಕಿಗಳಲ್ಲಿ ಮೊದಲನೆಯದು ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು ಕಾದಾಗ ಎಷ್ಟು ಗಟ್ಟಿ ಇರುತ್ತದೆ ಎಂಬುದಕ್ಕೆ. ಹಿಮ ಬೀಳದ ನಮ್ಮೂರಿನಲ್ಲಿ 5ರಿಂದ ನಿನಗೆ ಲಾಭವಿಲ್ಲ. 30 ಈ ಗೇರುಗಳಿಗೆ ತೆಳುವಾಯಿತು. ಅದಕ್ಕಿಂತ ಮುಖ್ಯ, ಮೈಲೇಜ್ ಹೆಚ್ಚಲಿ ಎಂದು ಕಾರಿನ ಆಯಿಲಿಗೆ ಘರ್ಷಣೆ ತಗ್ಗಿಸುವ ಮದ್ದು ಸೇರಿಸಿರುತ್ತಾರೆ. ಕಾರಿನ ಕ್ಲಚ್ ಆಯಿಲಿನಲ್ಲಿ ಮುಳುಗಿರುವುದಿಲ್ಲ, ನಿನ್ನದು ಮುಳುಗಿಯೇ ಇರುತ್ತದೆ. ಪ್ಲೇಟುಗಳು ಒಂದನ್ನೊಂದು ಹಿಡಿಯದೆ ಜಾರುತ್ತವೆ. ಏರಿನಲ್ಲಿ ಎಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಹಳಬರು ಎಸ್‌ಎಇ 40 ಹಾಕುತ್ತಿದ್ದರು. ಇವತ್ತು ಸಿಗುವುದರಲ್ಲಿ ಜಾಸೋ ಎಂಎ ಅಥವಾ ಎಂಎ2 ಗುರುತಿರುವ ಸಾದಾ ಮಿನರಲ್ 20ಡಬ್ಲ್ಯು-40 ಸಾಕು. ಎಂಬಿ ಎಂದಿದ್ದರೆ ಅಲ್ಲೇ ಇಡು, ಅದು ಗೇರಿಲ್ಲದ ಸ್ಕೂಟರುಗಳಿಗೆ.

ಗೇರ್ ಶಬ್ದ ಬಂದರೆ ಇಪಿ 90 ಸುರಿ ಎನ್ನುವ ಮೆಕ್ಯಾನಿಕ್‌ಗಳೂ ಇದ್ದಾರೆ. 90 ಎಂದರೆ 40ರ ಎರಡರಷ್ಟಕ್ಕಿಂತ ಗಟ್ಟಿ ಎಂದು ತಿಳಿಯಬೇಡ. ಗೇರ್ ಆಯಿಲಿನ ಅಳತೆಯೇ ಬೇರೆ, ಕಾದಾಗ 90 ಹೆಚ್ಚೂಕಡಿಮೆ 40-50ರ ಎಂಜಿನ್ ಆಯಿಲಿನಷ್ಟೇ ಇರುತ್ತದೆ. ತೊಂದರೆ ಇರುವುದು ಅದರ ಗಂಧಕದ ಮದ್ದಿನಲ್ಲಿ. ಜಿಎಲ್-5 ದರ್ಜೆಯದಾದರೆ ಕಂಚಿನ ಬುಷ್‌ಗಳನ್ನು ತಿನ್ನಬಹುದು, ಕ್ಲಚ್ ಪ್ಲೇಟಿಗೂ ಅದು ಹೇಳಿಸಿದ್ದಲ್ಲ.

ಇದನ್ನೆಲ್ಲ ಬೇರೆ ಗಾಡಿಗೆ ಅನ್ವಯಿಸಬೇಡ. ನಿನ್ನ ಗೆಳೆಯನ ಹಳೆಯ ಬೀಡಿನ ಎಂಜಿನ್ ಬುಲೆಟ್‌ನಲ್ಲಿ ಎಂಜಿನ್ನು, ಗೇರ್‌ಬಾಕ್ಸು, ಕ್ಲಚ್ ಕೇಸು ಮೂರಕ್ಕೂ ಬೇರೆ ಬೇರೆ. ಸ್ಪ್ಲೆಂಡರಿನಲ್ಲಿ ಒಂದೇ ಆಯಿಲ್ ಎಲ್ಲ ಕೆಲಸ ಮಾಡುತ್ತದೆ. ಆರ್‌ಎಕ್ಸ್ 100ರಲ್ಲಿ 2ಟಿಗೆ ಪ್ರತ್ಯೇಕ ಡಬ್ಬಿ, ಪಂಪ್ ಇದೆ.

ಈ ಭಾನುವಾರ ಒಂದು ಕೆಲಸ ಮಾಡು. ಒಂದು ಸುತ್ತು ಹೋಗಿ ಬಂದು, ಎಂಜಿನ್ ಬಿಸಿ ಇರುವಾಗಲೇ ಗೇರ್‌ಬಾಕ್ಸಿನ ಡ್ರೈನ್ ಬೋಲ್ಟ್ ಬಿಚ್ಚಿ ಹಳೆಯ ಆಯಿಲನ್ನು ಬಿಳಿ ಡಬ್ಬಿಗೆ ಇಳಿಸು. ಸ್ವಲ್ಪ ಆರಿದ ಮೇಲೆ ಎರಡು ಬೆರಳಿನ ನಡುವೆ ಉಜ್ಜಿ ನೋಡು. ಬೂದು ಬಣ್ಣದ ನುಣ್ಣನೆಯ ಪುಡಿ ಸಿಕ್ಕಿದರೆ ಹೆದರಬೇಡ, ಅದು ಸವಕಳಿ. ಹಳದಿ ಹೊಳಪಿನ ಚೂರು ಕಂಡರೆ ಬುಷ್ ಹೋಗುತ್ತಿದೆ. ಹಾಲು ಬೆರೆತ ಹಾಗಿದ್ದರೆ ನೀರು ಸೇರಿದೆ. ಪೆಟ್ರೋಲ್ ವಾಸನೆ ಬಂದರೆ, ಅಥವಾ ಹೊರಗೆ ಸೋರದೆಯೂ ಆಯಿಲ್ ಮಟ್ಟ ಇಳಿದು ಸೈಲೆನ್ಸರಿನಲ್ಲಿ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ, ಕ್ರ್ಯಾಂಕಿನ ಎಡಗಡೆಯ ಆಯಿಲ್ ಸೀಲ್ ಹೋಗಿದೆ ಎಂದು ಲೆಕ್ಕ. ಆಗ ಯಾವ ಆಯಿಲ್ ಹಾಕಿದರೂ ಪ್ರಯೋಜನವಿಲ್ಲ, ಮೊದಲು ಸೀಲ್ ಬದಲಾಯಿಸಬೇಕು. ಇಳಿಸಿದ ಆಯಿಲನ್ನು ಚರಂಡಿಗೆ ಚೆಲ್ಲಬೇಡ, ಗ್ಯಾರೇಜಿನವರಿಗೆ ಕೊಡು, ಅವರಲ್ಲಿ ಹಳೆಯ ಆಯಿಲ್ ಕೊಳ್ಳುವವರು ಬರುತ್ತಾರೆ. ಬೆರಳಿಗೆ ಏನು ಸಿಕ್ಕಿತು ಎಂದು ಸಂಜೆ ಫೋನ್ ಮಾಡಿ ಹೇಳು. ಹೊಸ ಆಯಿಲ್ ಡಬ್ಬಿಯನ್ನು ಆಮೇಲೆ ತಂದರಾಯಿತು.

ಇಂತಿ ನಿನ್ನ ಹಿತೈಷಿ